ಒಂದು ವಯಲ್ ಅಂದರೆ ಒಂದು ಯೂನಿಟ್ ಅಲ್ಲ

ಅಮೆರಿಕದ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗೆ ಅಲ್ಲಿನ ಸರ್ಕಾರ ಕೊಡುವ ಆರೋಗ್ಯ ವಿಮೆ) ಕ್ಲೇಮ್ ಮಾಡುವ ಹುಡುಗರು ಕಣ್ಣಿನ ಸರ್ಜರಿಯ ಔಷಧ ಬಂದಾಗಲೆಲ್ಲ ಒಂದೇ ಜಾಗದಲ್ಲಿ ಎಡವುತ್ತಾರೆ. ಅದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆಪರೇಷನ್ ನೋಟ್ ಪೂರ್ತಿ ಓದಿ. ಪಾಪೆ ಹಿಗ್ಗಿಸುವ ಹನಿ, ಮರಗಟ್ಟಿಸುವ ಹನಿ, ಕಣ್ಣು ತೊಳೆಯುವ ದ್ರಾವಣ ಇವೆಲ್ಲ ಸರ್ಜರಿಯ ದರದಲ್ಲೇ ಸೇರಿರುತ್ತವೆ. ಬೇರೆಯಾಗಿ ಹಣ ಸಿಗುವ ಔಷಧ ಯಾವುದು ಎಂದು ಮೆಡಿಕೇರ್‌ನ ಸರ್ಜರಿ ನಡೆದ ಮೂರು ತಿಂಗಳ ಅವಧಿಯ ಪಟ್ಟಿಯಲ್ಲೇ ನೋಡಿ. ವಾಟ್ಸಾಪ್‌ನಲ್ಲಿ ಓಡಾಡುವ ಹಳೇ ಕೋಡ್ ಪಟ್ಟಿ ಬೇಡವೇ ಬೇಡ.

ಈಗ ಯೂನಿಟ್, ಅಂದರೆ ಕ್ಲೇಮಿನಲ್ಲಿ ಔಷಧದ ಪ್ರಮಾಣ ಹೇಳುವ ಸಂಖ್ಯೆ. ನೋಟ್‌ನಲ್ಲಿ ‘ಒಂದು’ ಎಂದಿದ್ದರೆ ಸುಮ್ನೆ 1 ಹಾಕಿಬಿಡುತ್ತಾರೆ. ಯೂನಿಟ್ ಎಷ್ಟು ಅಂತ ಹೇಳುವುದು ಔಷಧದ ಬಿಲ್ಲಿಂಗ್ ಕೋಡಿನ ವಿವರಣೆ, ಬಾಟಲಿ ಅಲ್ಲ. ಡೆಕ್ಸ್‌ಟೆನ್ಜಾ ನೋಡಿ. ಕಣ್ಣೀರು ಇಳಿಯುವ ನಾಳದಲ್ಲಿ ಕೂರಿಸುವ ಪುಟ್ಟ ಕಡ್ಡಿ ಅದು. ಅದರಲ್ಲಿ 0.4 ಮಿ.ಗ್ರಾಂ ಔಷಧ. ಅದರ ಕೋಡ್ ಜೆ1096ರ ಒಂದು ಯೂನಿಟ್ 0.1 ಮಿ.ಗ್ರಾಂ. ಹಾಗಾಗಿ ಹಾಕಬೇಕಾದ್ದು 4. ಒಂದು ಎಂದು ಹಾಕಿದರೆ ಮುಕ್ಕಾಲು ಪಾಲು ಹಣ ಹೋಯಿತು, ಅಲ್ವಾ?

ಇದಕ್ಕಿಂತ ಜಾಸ್ತಿ ತೊಡಕು ಔಷಧ ಉಳಿದಾಗ. ಕಣ್ಣಿನೊಳಗೆ ಚುಚ್ಚುವ ಟ್ರೈಯೆಸೆನ್ಸ್ ಔಷಧದ ಪುಟ್ಟ ಬಾಟಲಿ, ಅಂದರೆ ವಯಲ್‌ನಲ್ಲಿ 40 ಮಿ.ಗ್ರಾಂ ಇರುತ್ತದೆ, ಅದರ ಕೋಡ್ ಜೆ3300ರ ಯೂನಿಟ್ 1 ಮಿ.ಗ್ರಾಂ. ವೈದ್ಯರು 4 ಮಿ.ಗ್ರಾಂ ಬಳಸಿ ಉಳಿದದ್ದನ್ನು ಚೆಲ್ಲಿದರು ಅನ್ನಿ. ಅದಕ್ಕೆ ಬೇರೆ ಹಣ ಸಿಗುವ ಕ್ಲೇಮ್ ಆಗಿದ್ದರೆ ಎರಡು ಸಾಲು ಬೇಕು. ಮೊದಲ ಸಾಲಿನಲ್ಲಿ ಜೆ3300, 4 ಯೂನಿಟ್. ಎರಡನೆಯದರಲ್ಲಿ ಅದೇ ಕೋಡಿಗೆ ಜೆಡಬ್ಲ್ಯೂ ಮಾಡಿಫೈಯರ್ (ಔಷಧ ಚೆಲ್ಲಿದ್ದನ್ನು ತಿಳಿಸಲು ಕೋಡಿನ ಜೊತೆ ಹಾಕುವ ಎರಡಕ್ಷರ), 36 ಯೂನಿಟ್. ಚೆಲ್ಲಿದ್ದು ಎಷ್ಟು ಎಂದು ರೋಗಿಯ ದಾಖಲೆಯಲ್ಲಿ ಬರೆದಿರಲೇಬೇಕು. ಬರೆದಿಲ್ಲವೇ? 40ರಲ್ಲಿ 4 ಕಳೆದು ನೀವೇ ತುಂಬಬೇಡಿ, ವೈದ್ಯರಿಗೆ ಕ್ವೆರಿ ಕಳಿಸಿ. ಏನೂ ಉಳಿದಿಲ್ಲ ಎಂದಾದರೆ ಜೆಝಡ್ ಮಾಡಿಫೈಯರ್ ಹಾಕಿ. 2023ರ ಜುಲೈ 1ರಿಂದ ಅದು ಕಡ್ಡಾಯ. ಇವೆರಡೂ ಸಿಂಗಲ್ ಡೋಸ್ ವಯಲ್ ಅಥವಾ ಪ್ಯಾಕ್‌ಗೆ ಮಾತ್ರ, ಮಲ್ಟಿ ಡೋಸ್‌ಗೆ ಇಲ್ಲ.

ಕೆಲವು ಸಾಫ್ಟ್‌ವೇರ್‌ಗಳು ಹಿಂದಿನ ರೋಗಿಯ ಡೋಸನ್ನೇ ತಾವಾಗಿ ತುಂಬುತ್ತವೆ. ಮೂವರು ರೋಗಿಗಳಿಗೆ ಚೆಲ್ಲಿದ್ದು ಒಂದೇ 36 ಎಂದು ಹೋಗಿದ್ದನ್ನು ನಾನೇ ಹಿಡಿದಿದ್ದೇನೆ. ಅದನ್ನು ಆಫ್ ಮಾಡಿಸಿ, ಕೈಯಿಂದಲೇ ಟೈಪ್ ಮಾಡಿ.

ಎನ್‌ಡಿಸಿ ನಂಬರ್ (ಔಷಧದ ಗುರುತಿನ ಸಂಖ್ಯೆ) ಡಬ್ಬದ ಮೇಲೆ 10 ಅಂಕಿ ಇದ್ದರೆ ಕ್ಲೇಮಿಗೆ 11 ಬೇಕು, 5-4-2 ಅಂಕಿಗಳ ಮೂರು ಗುಂಪಿನ ಲೆಕ್ಕದಲ್ಲಿ. ಯಾವ ಗುಂಪಿನಲ್ಲಿ ಅಂಕಿ ಕಡಿಮೆಯೋ ಅದರ ಆರಂಭಕ್ಕೆ ಸೊನ್ನೆ ಸೇರಿಸಿ. ನಂಬರಿನ ಕೊನೆಗೆ ಅಂಟಿಸಬೇಡಿ.

ಆಮೇಲೆ ಎಡಗಣ್ಣೋ ಬಲಗಣ್ಣೋ ನೋಡಿಕೊಂಡು, ಸರ್ಜರಿಯ ಕ್ಲೇಮಿನಲ್ಲೇ ಔಷಧದ ಸಾಲುಗಳನ್ನೂ ಸೇರಿಸಿ ಕಳಿಸಿ.