ಸೀರೆ ಹಳೇದಲ್ಲ, ಜಂಪರ್ ಹಳೇದು

ಅಕ್ಕಂದಿರೇ, ಹೋದ ವರ್ಷ ಕೊಪ್ಪಳದಲ್ಲಿ ಒಂದು ಮದುವೆಗೆ ಅವ್ವನ ಇಳಕಲ್ ಸೀರೆ ಉಟ್ಟಿದ್ದೆ. 'ಏನೇ, ಅಜ್ಜಿ ಹಂಗೆ ಕಾಣ್ತೀಯಲ್ಲ' ಅಂದಳು ಚಿಕ್ಕಮ್ಮ. ಮನೆಗೆ ಬಂದು ಕನ್ನಡಿ ಮುಂದೆ ನಿಂತೆ. ತಪ್ಪು ಸೀರೆಯದಲ್ಲ. ಕೆಂಪು ಮೇಲೆ ಬಿಳಿ ವಿನ್ಯಾಸ ಇರೋ ಅದರ ತೋಪು ತೆನೆ ಸೆರಗು ಯಾವತ್ತೂ ಹಳೇದಾಗಲ್ಲ. ಕಾಲ ಯಾವುದು ಅಂತ ಹೇಳಿಬಿಡೋದು ಜಂಪರ್! ನನ್ನದು ಸೀರೆ ಬಣ್ಣಕ್ಕೇ ಮ್ಯಾಚ್ ಮಾಡಿದ ಹೊಳೆಯೋ ಪಾಲಿಸ್ಟರ್, ತೋಳು ಬಿಗಿ, ಕೊರಳು ಚಿಕ್ಕದು.

ಈ ಸಲ ಗುಳೇದಗುಡ್ಡ ಖಣ, ಅಂದ್ರೆ ಜಂಪರ್‌ಗೆಂದೇ ನೇಯೋ ಅಂಚಿನ ಬಟ್ಟೆ, ತಂದು ಮೊಣಕೈವರೆಗೆ ತೋಳು ಇಡಿಸಿದೆ. ಅಂಚು ಸರಿಯಾಗಿ ತೋಳಿನ ತುದಿಗೇ ಬರಬೇಕು, ಕತ್ತರಿಸೋ ಮೊದಲೇ ಟೇಲರ್‌ಗೆ ಹೇಳಿ. ಖಣದ ಅಗಲ ಕಡಿಮೆ. ಹಾಗಾಗಿ ಎಷ್ಟು ಬೇಕು ಅಂತ ಕೇಳಿಕೊಂಡೇ ಅಂಗಡಿಗೆ ಹೋಗಿ. ಒಳಗೆ ಎರಡೂ ಕಡೆ ಒಂದೊಂದು ಇಂಚು ಬಟ್ಟೆ ಬಿಡಿಸಿ, ಸುಮ್ನೆ ಕತ್ತರಿಸಿ ಬಿಸಾಡೋಕೆ ಬಿಡಬೇಡಿ. ನಾಳೆ ಸಡಿಲ ಮಾಡಿಸಬಹುದು, ಅಲ್ವಾ?

ಮನೆಯ ಗಂಡಸರ ಬಳ್ಳಾರಿ ಜೀನ್ಸ್‌ಗೂ ಇದೇ ಲೆಕ್ಕ. ಅಗಲ ಕಾಲಿನದನ್ನು ಮೊಣಕಾಲ ಕೆಳಗೆ ಸಣ್ಣ ಮಾಡಿಸಬಹುದು. ಬಿಗಿ ಇರೋದನ್ನು ಅಗಲ ಮಾಡೋಕೆ ಬಟ್ಟೆ ಎಲ್ಲಿಂದ ತರ್ತೀರಿ?