ಅಣಬೆ ಒಲೆಗೆ ಏರುವ ಮುನ್ನ

ಮಿರಗದ ಮಳೆ ಸುರಿದು ಹದಿನೈದು ದಿನ ಕಳೆಯುವಷ್ಟರಲ್ಲಿ ಖಾನಾಪುರ, ಜಾಂಬೋಟಿ ಕಡೆಯ ಹೆಣ್ಣುಮಕ್ಕಳು ಅಗಲವಾದ ಎಲೆಗಳಲ್ಲಿ ಸುತ್ತಿದ ಅಣಬೆಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ರಸ್ತೆಯ ಬದಿಗೆ ಕೂಡುವುದನ್ನು, ನಾನು ಮದುವೆಯಾಗಿ ಬೆಳಗಾವಿಗೆ ಬಂದಂದಿನಿಂದ ನಲವತ್ತೈದು ವರ್ಷ ನೋಡಿದ್ದೇನೆ. ಮರಾಠಿ ಬೆರೆತ ಈ ಸೀಮೆಯಲ್ಲಿ ಅದನ್ನು ಅಳಂಬಿ ಎನ್ನುವವರೂ ಇದ್ದಾರೆ. ನನ್ನ ತವರು ಬಾಗಲಕೋಟೆಯ ಕಡೆಯದು. ಅಲ್ಲಿ ನಾವು ನಾಯಿಕೊಡೆ ಎಂದು ಅದನ್ನು ಕಾಲಿನಿಂದ ತಳ್ಳಿ ನಡೆಯುತ್ತಿದ್ದೆವು. ಅಣಬೆಯನ್ನು ತಿನ್ನುವುದನ್ನೂ, ಅದಕ್ಕಿಂತ ಮುಖ್ಯವಾಗಿ ಅದಕ್ಕೆ ಅಂಜುವುದನ್ನೂ ನನಗೆ ಕಲಿಸಿದವರು ಖಾನಾಪುರದ ಕಾಡಂಚಿನಲ್ಲಿ ಹುಟ್ಟಿ ಬೆಳೆದ ನಮ್ಮ ಅತ್ತೆಯವರು.

ಅತ್ತೆಯವರು ಮೆಚ್ಚುತ್ತಿದ್ದುದು ಹುತ್ತದ ಅಣಬೆ ಒಂದನ್ನೇ. ನಾಗರ ಪಂಚಮಿಗೆ ನಾವು ಹಾಲೆರೆಯುವ ಹುತ್ತವು ಹಾವು ಕಟ್ಟಿದ್ದಲ್ಲ, ಗೆದ್ದಲು ಕಟ್ಟಿದ್ದು ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದರೊಳಗೆ ಒಂದು ತೋಟವೇ ಇದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಗೆದ್ದಲುಗಳು ಒಣ ಎಲೆ, ಕಟ್ಟಿಗೆಗಳನ್ನು ಅಗಿದು ತಂದು ನೆಲದೊಳಗೆ ಸ್ಪಂಜಿನಂಥ ಗೂಡುಗಳನ್ನು ಕಟ್ಟುತ್ತವೆ, ಅದರ ಮೇಲೆ ಒಂದು ಬಗೆಯ ಶಿಲೀಂಧ್ರವನ್ನು ಬೆಳೆಸುತ್ತವೆ, ತಮಗೆ ಅರಗದ ಗಟ್ಟಿ ನಾರನ್ನು ಆ ಶಿಲೀಂಧ್ರ ಮೆತ್ತಗೆ ಮಾಡಿದ ಮೇಲೆ ಎರಡನ್ನೂ ತಿನ್ನುತ್ತವೆ. ಈ ಒಕ್ಕಲುತನ ಸುಮಾರು 3 ಕೋಟಿ ವರ್ಷಗಳ ಹಿಂದೆ ಆಫ್ರಿಕಾದಲ್ಲಿ ಆರಂಭವಾಯಿತೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಫ್ರಾನ್ಸಿನ ರೋಜರ್ ಹೈಮ್ ಎಂಬ ವಿಜ್ಞಾನಿ 1942ರಲ್ಲಿ ಈ ಅಣಬೆಗಳ ಕುಲಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರಿಟ್ಟರು. ಮಳೆ ಬಿದ್ದು ನೆಲ ಮೆತ್ತಗಾದಾಗ ಗೂಡಿನಿಂದ ಒಂದು ಉದ್ದನೆಯ ಬೇರಿನಂಥ ದಂಟು ಮಣ್ಣನ್ನು ಸೀಳಿ ಮೇಲೆ ಬಂದು ಕೊಡೆ ಬಿಚ್ಚುತ್ತದೆ. ಮನುಷ್ಯರಿಗೆ ಇಂದಿಗೂ ಇದನ್ನು ಬೇಸಾಯದ ಬೆಳೆಯಾಗಿ ಬೆಳೆಯಲು ಆಗಿಲ್ಲ. ಗೂಡು ಉಳಿದರೆ ಮುಂದಿನ ವರ್ಷವೂ ಅಣಬೆ ಅದೇ ಜಾಗದಲ್ಲಿ ಏಳುವ ಸಂಭವವುಂಟು. ಆದ್ದರಿಂದಲೇ ಹುತ್ತವನ್ನು ಗುದ್ದಲಿಯಿಂದ ಅಗೆಯಬಾರದು, ಎದ್ದುದನ್ನೆಲ್ಲ ಬಳಿದುಕೊಂಡು ಬರಬಾರದು ಎಂದು ಅತ್ತೆಯವರು ಕಟ್ಟುನಿಟ್ಟಾಗಿ ಹೇಳುತ್ತಿದ್ದರು.

ಗುಡುಗಿದರೆ ಅಣಬೆ ಏಳುತ್ತದೆ ಎಂದು ಹಿರಿಯರು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಅದು ಒಂದೇ ರಾತ್ರಿಯಲ್ಲಿ ಎದ್ದು ನಿಲ್ಲುತ್ತದೆ. ನಮ್ಮ ಕಣ್ಣಿಗೆ ಬೀಳುವ ಕೊಡೆ ಅದರ ಹಣ್ಣಿದ್ದಂತೆ. ನಿಜವಾದ ಜೀವಿಯು ನೂಲಿನಂಥ ಎಳೆಗಳ ಜಾಲವಾಗಿ ಮಣ್ಣಿನಲ್ಲೋ ಕಟ್ಟಿಗೆಯಲ್ಲೋ ಮೊದಲಿನಿಂದಲೂ ಹಬ್ಬಿಕೊಂಡಿರುತ್ತದೆ, ಮಳೆಯ ನೀರು ಸಿಕ್ಕೊಡನೆ ಸಿದ್ಧವಾಗಿದ್ದ ಮೊಗ್ಗು ಉಬ್ಬಿ ಅರಳುತ್ತದೆ.

ಈಗ ನಾನು ಒತ್ತಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಮನೆಯ ಹಿತ್ತಲ ಹುಲ್ಲಿನಲ್ಲಿ ಅಗಲವಾದ ಬಿಳಿ ಅಣಬೆಗಳು ಎದ್ದಿದ್ದವು. ಅತ್ತೆಯವರು ಆಗ ತೀರಿಕೊಂಡಿದ್ದರು. ವಿಷವಿದ್ದರೆ ಬೆಳ್ಳುಳ್ಳಿಯೂ ಬೆಳ್ಳಿಯೂ ಕಪ್ಪಾಗುತ್ತವೆ ಎಂಬ ಮಾತನ್ನು ನಂಬಿ, ನನ್ನ ನಾದಿನಿ ಮತ್ತು ನಾನು ಅವನ್ನು ಬೆಳ್ಳುಳ್ಳಿಯ ಎಸಳಿನೊಂದಿಗೆ ಕುದಿಸಿ, ಬೆಳ್ಳಿಯ ಚಮಚವನ್ನೂ ಅದ್ದಿ ನೋಡಿದೆವು; ಎರಡೂ ಕಪ್ಪಾಗಲಿಲ್ಲ. ಉಂಡ ಎರಡು ತಾಸಿನೊಳಗೆ ಮನೆಯ ನಾಲ್ವರೂ ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದೆವು. ಮರುದಿನ ಹಿತ್ತಲಲ್ಲಿ ಉಳಿದಿದ್ದ ದೊಡ್ಡ ಅಣಬೆಯನ್ನು ತಿರುಗಿಸಿದಾಗ ಕೊಡೆಯ ಅಡಿಯ ಪದರಗಳು ಹಸಿರು ಬಣ್ಣಕ್ಕೆ ತಿರುಗಿದ್ದವು. ಹುಲ್ಲಿನ ಮೇಲೆ ಏಳುವ, ಎಳೆಯದಿದ್ದಾಗ ಬಿಳಿಯಾಗಿದ್ದು ಬಲಿತ ಮೇಲೆ ಹಸಿರಾಗುವ ಈ ವಿಷದ ಅಣಬೆಗೆ ಕ್ಲೋರೊಫಿಲ್ಲಮ್ ಎಂಬ ಹೆಸರಿದೆಯೆಂದು ಆಮೇಲೆ ತಿಳಿಯಿತು.

ಬೆಳ್ಳಿ ಕಪ್ಪಾಗುವುದು ಗಂಧಕದ ಅಂಶದಿಂದಲೇ ಹೊರತು ಅಣಬೆಯ ವಿಷದಿಂದಲ್ಲ. ಹುಳು ತಿಂದ ಅಣಬೆ ಮನುಷ್ಯರಿಗೂ ಒಳ್ಳೆಯದು ಎಂಬುದೂ, ಚೆನ್ನಾಗಿ ಕುದಿಸಿದರೆ ವಿಷ ಹೋಗುತ್ತದೆ ಎಂಬುದೂ ಸುಳ್ಳು. ಅಮಾನಿಟ ಎಂಬ ಕುಲದ ಕೆಲವು ಅಣಬೆಗಳ ವಿಷವು ಕುದಿಸಿದರೂ ಒಣಗಿಸಿದರೂ ಹೋಗುವುದಿಲ್ಲ. ಅದು ಜೀವಕೋಶಗಳು ಪ್ರೋಟೀನು ತಯಾರಿಸುವ ಕೆಲಸವನ್ನೇ ನಿಲ್ಲಿಸಿ ಯಕೃತ್ತನ್ನು ಕೆಡಿಸುತ್ತದೆ. ಭಯಂಕರವಾದ ಸಂಗತಿಯೆಂದರೆ, ಉಂಡ 6ರಿಂದ 12 ತಾಸಿನವರೆಗೆ ಏನೂ ತಿಳಿಯುವುದಿಲ್ಲ. ಆಮೇಲೆ ವಾಂತಿ ಭೇದಿಯಾಗಿ, ಒಂದು ದಿನ ಗುಣವಾದಂತೆ ಕಂಡು, ಅನಂತರ ರೋಗಿ ಕೈಮೀರುತ್ತಾನೆ. ಆದ್ದರಿಂದ ಅಣಬೆ ಉಂಡ ಮೇಲೆ ತಡವಾಗಿ ಹೊಟ್ಟೆ ಕೆಟ್ಟರೆ ಅದನ್ನು ಹೆಚ್ಚಿನ ಅಪಾಯವೆಂದೇ ತಿಳಿಯಬೇಕು, ಮನೆಮದ್ದಿನಲ್ಲಿ ಹೊತ್ತು ಕಳೆಯಬಾರದು, ಉಳಿದ ಅಣಬೆಯ ತುಂಡನ್ನು ಕಾಗದದಲ್ಲಿ ಕಟ್ಟಿಕೊಂಡು ಆಸ್ಪತ್ರೆಗೆ ಹೋಗಬೇಕು. ಕಾಡಿನ ಅಣಬೆಯನ್ನು ಬಾಲ್ಯದಿಂದ ಬಲ್ಲವರ ಕೈಯಿಂದ ಮಾತ್ರ ಕೊಳ್ಳಿರಿ. ಹಿತ್ತಲಿನದನ್ನು, ಗದ್ದೆಯ ಬದುವಿನದನ್ನು ನೀವಾಗಿ ಕಿತ್ತು ಬೇಯಿಸಬೇಡಿರಿ. ಮೊಬೈಲಿನಲ್ಲಿ ಚಿತ್ರ ಹೋಲಿಸಿ ನೋಡಿದೆ ಎನ್ನುವ ಮೊಮ್ಮಕ್ಕಳಿಗೂ ನಾನು ಇದನ್ನೇ ಹೇಳುತ್ತೇನೆ.

ನಮ್ಮ ನಾಡಿನಲ್ಲಿ ಅಣಬೆಯ ಬಗ್ಗೆ ಎರಡು ಮನಸ್ಸು ಹಳೆಯದು. ಮನುಸ್ಮೃತಿಯು ಬೆಳ್ಳುಳ್ಳಿ, ಈರುಳ್ಳಿಗಳ ಸಾಲಿನಲ್ಲಿ ಛತ್ರಾಕವನ್ನೂ ಸೇರಿಸಿ ನಿಷೇಧಿಸಿದರೆ, ಸುಶ್ರುತ ಸಂಹಿತೆಯು ಹುಲ್ಲು, ಕಬ್ಬು, ಸಗಣಿ, ಬಿದಿರು, ನೆಲ ಇವುಗಳ ಮೇಲೆ ಹುಟ್ಟುವ ಅಣಬೆಗಳನ್ನು ತರಕಾರಿಗಳ ನಡುವೆ ಎಣಿಸಿ ಅವುಗಳ ಗುಣವನ್ನು ಹೇಳುತ್ತದೆ. ಕಬ್ಬಿನ ಸೀಮೆಯವಳಾದ ನನಗೆ ಆ ಪಟ್ಟಿಯಲ್ಲಿ ಕಬ್ಬು ಇರುವುದು ಬಹಳ ಸಂತೋಷದ ವಿಷಯ. ನಮ್ಮ ಓಣಿಯ ಜೈನರ ಮನೆಗಳಲ್ಲಿ ಅಣಬೆ ನಿಷಿದ್ಧ. ಅವರು ಊಟಕ್ಕೆ ಬರುವ ದಿನ ನಾನು ಅದನ್ನು ಮಾಡುವುದಿಲ್ಲ, ಅಣಬೆಗೆ ಬೇರೆ ಬೋಗುಣಿಯನ್ನೇ ಇಟ್ಟಿದ್ದೇನೆ.

ಪೇಟೆಯಲ್ಲಿ ಸಿಗುವ ಬಿಳಿ ಗುಂಡಿ ಅಣಬೆಯ ಬೇಸಾಯ ಫ್ರಾನ್ಸಿನ ಪ್ಯಾರಿಸ್ ಸುತ್ತ ಬೆಳೆದದ್ದು; ನಮ್ಮ ದೇಶದಲ್ಲಿ 1960ರ ದಶಕದಲ್ಲಿ ಹಿಮಾಚಲದ ಸೋಲನ್‌ನಲ್ಲಿ ನೆಲೆಯೂರಿತು. ಇದನ್ನು ತಂದ ಕೂಡಲೇ ಪ್ಲಾಸ್ಟಿಕ್ಕಿನಿಂದ ತೆಗೆದು ಕಾಗದದ ಚೀಲದಲ್ಲಿ ಹಾಕಿ ಫ್ರಿಜ್ಜಿನಲ್ಲಿಡಬೇಕು, ಇಲ್ಲವಾದರೆ ಬೆವರಿ ಅಂಟಂಟಾಗುತ್ತದೆ. ತೊಳೆದು ಇಡಬಾರದು, ಬೇಯಿಸುವ ಮುನ್ನವೇ ಬೇಗ ತೊಳೆದು ಒರೆಸಬೇಕು. ಅಣಬೆಯಲ್ಲಿ ನೂರಕ್ಕೆ 90 ಪಾಲು ನೀರೇ ಇರುವುದರಿಂದ, ಅಗಲವಾದ ಬಾಣಲೆಯಲ್ಲಿ ದೊಡ್ಡ ಉರಿಯ ಮೇಲೆ, ಮುಚ್ಚದೆ, ಸ್ವಲ್ಪ ಸ್ವಲ್ಪವೇ ಹಾಕಿ ಹುರಿಯಬೇಕು. ಉಪ್ಪನ್ನು ನೀರು ಆರಿದ ಮೇಲೆ ಹಾಕಬೇಕು. ಬದನೆಕಾಯಿ ಹೆಚ್ಚು ಬೆಂದರೆ ಕರಗಿಹೋಗುತ್ತದೆ, ಅಣಬೆ ಹಾಗಲ್ಲ, ಏಕೆಂದರೆ ಏಡಿಯ ಚಿಪ್ಪಿನಲ್ಲಿರುವ ಕೈಟಿನ್ ಎಂಬ ವಸ್ತುವೇ ಇದರ ಕೋಶಗಳ ಗೋಡೆಯಲ್ಲಿದೆ, ಅದು ಶಾಖಕ್ಕೆ ಜಗ್ಗುವುದಿಲ್ಲ. ಅದೇ ಕಾರಣಕ್ಕೆ ಹಸಿ ಅಣಬೆ ಸರಿಯಾಗಿ ಅರಗುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಮಸಾಲಿ ಖಾರ ಹಾಕಿ ಹುರಿದು, ಕೊನೆಗೆ ಒಂದು ಚಮಚ ಗುರೆಳ್ಳು ಪುಡಿ ಉದುರಿಸಿದ ಪಲ್ಯಕ್ಕೆ ಬಿಸಿ ಜೋಳದ ರೊಟ್ಟಿ ಬೇಕು. ಮೊದಲ ಸಲ ತಿನ್ನುವವರಿಗೆ ಎರಡು ಚಮಚಕ್ಕಿಂತ ಹೆಚ್ಚು ಬಡಿಸಬೇಡಿರಿ, ಕೆಲವರ ಹೊಟ್ಟೆಗೆ ಒಳ್ಳೆಯ ಅಣಬೆಯೂ ಒಗ್ಗುವುದಿಲ್ಲ.

ಮನೆಯಲ್ಲಿ ಬೆಳೆಯುವ ಆಸೆಯಿದ್ದರೆ ಚಿಪ್ಪಣಬೆ ಸುಲಭ. ಇದರ ಬೀಜವೆಂದರೆ ಅಣಬೆಯ ಎಳೆಗಳು ಹಬ್ಬಿದ ಕಾಳು; ಅದನ್ನು ಜೋಳದ ಕಾಳಿನ ಮೇಲೆಯೇ ತಯಾರಿಸುವುದುಂಟು. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ. ಜೋಳದ ಕಣಿಕೆ, ಗೋಧಿಯ ಹೊಟ್ಟು, ಭತ್ತದ ಹುಲ್ಲು ಯಾವುದಾದರೂ ಆದೀತು, ಆದರೆ ಮಳೆಗೆ ನೆಂದು ಬೂಷ್ಟು ಹಿಡಿದದ್ದು ಬೇಡ. ಅದನ್ನು ಎರಡು ಇಂಚಿಗೆ ಕತ್ತರಿಸಿ, ರಾತ್ರಿಯಿಡೀ ನೆನೆಸಿ, ಸುಮಾರು 80 ಡಿಗ್ರಿ ಬಿಸಿನೀರಿನಲ್ಲಿ ಒಂದು ತಾಸು ಇಟ್ಟು, ಹಿಂಡಿದರೆ ಹನಿ ಬೀಳದಷ್ಟು ಆರಿಸಿ, ಚೀಲದಲ್ಲಿ ಪದರ ಪದರವಾಗಿ ಬೀಜದೊಡನೆ ತುಂಬಬೇಕು. ಕತ್ತಲೆಯ ಕೋಣೆಯಲ್ಲಿ ಮೂರು ವಾರದ ಸುಮಾರಿಗೆ ಚೀಲವೆಲ್ಲ ಬೆಳ್ಳಗಾಗುತ್ತದೆ. ಆಗ ಅದನ್ನು ಬಿಚ್ಚಿ ಗಾಳಿ ಬೆಳಕು ಕೊಟ್ಟು, ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಬೇಕು. ಬೆಳಗಾವಿಯ ಮಳೆಗಾಲ, ಚಳಿಗಾಲ ಇದಕ್ಕೆ ಹೇಳಿ ಮಾಡಿಸಿದ್ದು. ವಿಜಯಪುರದ ಬೇಸಿಗೆಯಲ್ಲಿ ಕೈಹಾಕಬೇಡಿರಿ. ಅಂಚು ಮೇಲಕ್ಕೆ ಮುದುರುವ ಮುನ್ನವೇ ಕೀಳಬೇಕು, ಬಲಿತರೆ ಬೀಜಾಣುಗಳ ಧೂಳು ಹಾರಿ ಕೆಮ್ಮು ದಮ್ಮು ಬರುತ್ತದೆ. ಮಲಗುವ ಕೋಣೆಯಲ್ಲಂತೂ ಚೀಲ ಇಡಲೇಬಾರದು.

ಹೆಚ್ಚಾದುದನ್ನು ಸೀಳಿ ಬಿಳಿ ಬಟ್ಟೆಯ ಮೇಲೆ, ಅಡಿಯ ಪದರಗಳು ಸೂರ್ಯನಿಗೆ ಮುಖ ಮಾಡುವಂತೆ ಹರಡಿರಿ. ಅಣಬೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಅಂಶ ಬಿಸಿಲಿಗೆ ಡಿ2 ಜೀವಸತ್ವವಾಗುತ್ತದೆ, ಕತ್ತಲೆಯಲ್ಲಿ ಬೆಳೆದುದರಲ್ಲಿ ಅದು ಬಹಳ ಕಡಿಮೆ. ಮುರಿದರೆ ಪಟ್ಟನೆ ಸದ್ದಾಗುವಷ್ಟು ಒಣಗಿದ ಮೇಲೆ ಗಾಜಿನ ಭರಣಿಯಲ್ಲಿ ತುಂಬಿಡಿರಿ. ಬಳಸುವಾಗ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ತಾಸು ನೆನೆಸಿ, ಆ ನೀರನ್ನು ಸೋಸಿ ಬೇಳೆಯ ಸಾರಿಗೆ ಹಾಕಿರಿ.