ಅಜ್ಜಿಯ ಊರಿನ ಬೇಸಿಗೆ ರಜೆಯನ್ನು ಬರೆದಿಡುವ ಬಗೆ

ಬಾಲ್ಯದಲ್ಲಿ ಅಜ್ಜಿ ತಾತಂದಿರ ಮನೆಯಲ್ಲಿ ಕಳೆದ ಬೇಸಿಗೆ ರಜೆಗಳ ಬಗ್ಗೆ ಬರೆಯಲು ಕುಳಿತವರಲ್ಲಿ ಹೆಚ್ಚಿನವರು ಮೊದಲ ಪುಟ ಮುಗಿಯುವ ಮುನ್ನವೇ ನಿಂತುಬಿಡುತ್ತಾರೆ. ಅಜ್ಜಿಯ ಪ್ರೀತಿ, ಮಾವಿನಹಣ್ಣಿನ ರುಚಿ, ಕೆರೆಯ ಏರಿ, ಆ ದಿನಗಳು ಮತ್ತೆ ಬಾರವು ಎಂಬ ನಾಲ್ಕು ಮಾತುಗಳನ್ನು ಬರೆದ ಮೇಲೆ ಐದನೆಯದಕ್ಕೆ ದಾರಿ ಕಾಣುವುದಿಲ್ಲ. ನೆನಪು ಬತ್ತಿಹೋಗಿದೆ ಎಂದು ಅವರು ತಿಳಿಯುತ್ತಾರೆ. ಆದರೆ ನಿಜವಾದ ಕಾರಣ ಬರಹ ಭಾವನೆಯಿಂದ ಆರಂಭವಾದದ್ದು. ಬೇಸಿಗೆ ನಮಗೆ ರಜೆಯಾಗಿತ್ತೇ ಹೊರತು ಆ ಮನೆಗೆ ರಜೆಯಾಗಿರಲಿಲ್ಲ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ನಾವು ಅಲ್ಲಿದ್ದ ದಿನಗಳಲ್ಲಿ ಮನೆಯವರೆಲ್ಲರೂ ಒಂದಲ್ಲ ಒಂದು ಕೆಲಸದಲ್ಲಿ ಮುಳುಗಿರುತ್ತಿದ್ದರು. ಆ ಕೆಲಸಗಳ ಜಾಡು ಹಿಡಿದು ಹೊರಟರೆ ನೆನಪು ಒಂದರ ಹಿಂದೆ ಒಂದರಂತೆ ಬರುತ್ತದೆ, ಬರಹಕ್ಕೂ ಗಟ್ಟಿತನ ಸಿಗುತ್ತದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ, ಮುಳಬಾಗಿಲು ಸೀಮೆಯ ಹಳ್ಳಿಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕ್ರಮವನ್ನು ವಿವರಿಸುತ್ತೇನೆ. ಬೇರೆ ಸೀಮೆಯವರು ಬೆಳೆ ಮತ್ತು ಅಡುಗೆಗಳನ್ನು ಬದಲಿಸಿಕೊಂಡು ಇದನ್ನೇ ಅನುಸರಿಸಬಹುದು.

ಮೊದಲ ದಿನ ಏನನ್ನೂ ಬರೆಯಬೇಡಿ. ದೊಡ್ಡ ಹಾಳೆಯೊಂದರಲ್ಲಿ ಮನೆಯ ನಕ್ಷೆ ಬಿಡಿಸಿ. ಜಗಲಿ, ನಡುಮನೆ, ಅಡುಗೆಮನೆ, ಬಚ್ಚಲು, ಕೊಟ್ಟಿಗೆ, ಹಿತ್ತಿಲು ಎಲ್ಲಿದ್ದವು, ಹಂಡೆಯ ಒಲೆಯ ಬಾಯಿ ಯಾವ ಕಡೆಗಿತ್ತು, ಬೀಸುವ ಕಲ್ಲು ಮತ್ತು ಒರಳು ಯಾವ ಮೂಲೆಯಲ್ಲಿದ್ದವು, ರಾಗಿಯನ್ನು ಗುಡಾಣದಲ್ಲಿ ತುಂಬುತ್ತಿದ್ದರೋ ಅಥವಾ ನೆಲದೊಳಗಿನ ಹಗೇವಿನಲ್ಲಿ ಹಾಕಿ ಮುಚ್ಚುತ್ತಿದ್ದರೋ ಎಂಬುದನ್ನೆಲ್ಲ ಗುರುತಿಸಿ. ಅಳತೆ ಸರಿಯಾಗಿರಬೇಕೆಂಬ ಚಿಂತೆ ಬೇಡ. ನಕ್ಷೆ ಮುಗಿದ ಮೇಲೆ ಅದೇ ಹಾಳೆಯ ಮೇಲೆ ಯಾರು ಎಲ್ಲಿ ಮಲಗುತ್ತಿದ್ದರು ಎಂದು ಬರೆಯಿರಿ, ಏಕೆಂದರೆ ಸೆಕೆಗಾಲದಲ್ಲಿ ಮಲಗುವ ಜಾಗ ಒಳಗಿನಿಂದ ಅಂಗಳಕ್ಕೆ ಅಥವಾ ಮಾಳಿಗೆಗೆ ಬದಲಾಗುತ್ತಿತ್ತು, ಹಾಗೆ ಹೊರಗೆ ಮಲಗಿದ ರಾತ್ರಿಗಳಲ್ಲಿ ಹೇಳಿದ ಕತೆಗಳೂ ಕೇಳಿದ ಜಗಳಗಳೂ ಆ ಜಾಗದೊಂದಿಗೇ ಮನಸ್ಸಿನಲ್ಲಿ ಅಂಟಿಕೊಂಡಿರುತ್ತವೆ.

ಆಮೇಲೆ ಕೆಲಸಗಳಿಗೆ ಬನ್ನಿ. ನಮ್ಮ ಕಡೆ ಇದರಲ್ಲಿ ಹುಣಸೆಹಣ್ಣಿನ ಪಾಲು ದೊಡ್ಡದು. ಚಳಿ ಕಳೆದ ಮೇಲೆ ಮರದಿಂದ ಬಡಿದು ಉದುರಿಸಿದ ಹಣ್ಣು, ಶಾಲೆ ಮುಗಿಸಿ ಮಕ್ಕಳು ಊರಿಗೆ ಬರುವ ಹೊತ್ತಿಗೆ ರಾಶಿಯಾಗಿ ಬಿದ್ದಿರುತ್ತಿತ್ತು. ಓಡು ಬಿಡಿಸುವುದು, ನಾರು ಎಳೆಯುವುದು, ಕುಟ್ಟಿ ಬೀಜ ಬೇರ್ಪಡಿಸುವುದು, ಉಪ್ಪು ಬೆರೆಸಿ ಮಡಕೆಗೆ ಒತ್ತಿ ತುಂಬುವುದು ಎಂಬ ಈ ನಾಲ್ಕೂ ಹಂತಗಳಲ್ಲಿ ನಿಮ್ಮ ಕೈಗೆ ಯಾವುದನ್ನು ಕೊಡುತ್ತಿದ್ದರು ಎಂದು ನೆನೆಯಿರಿ. ಬೆರಳುಗಳು ಹೇಗೆ ಉರಿಯುತ್ತಿದ್ದವು, ಕುಟ್ಟಲು ಯಾರು ಬರುತ್ತಿದ್ದರು, ಅವರಿಗೆ ಕೂಲಿ ಹಣದಲ್ಲಿ ಸಲ್ಲುತ್ತಿತ್ತೋ ಕಾಳಿನಲ್ಲೋ, ಸಂಜೆ ಬೀಜವನ್ನು ಯಾರು ಹುರಿದು ಕೊಡುತ್ತಿದ್ದರು ಎಂಬ ಪ್ರಶ್ನೆಗಳನ್ನು ಒಂದೊಂದಾಗಿ ಹಾಕಿಕೊಳ್ಳಿ. ಉಳಿದ ಬೀಜಗಳು ಆಟಕ್ಕೆ ಬರುತ್ತಿದ್ದವು. ನಾಲ್ಕು ಬೀಜಗಳ ಒಂದೊಂದು ಮೈಯನ್ನು ಒರಟು ಕಲ್ಲಿಗೆ ಉಜ್ಜಿ ಬಿಳಿ ಮಾಡಿದರೆ ಚೌಕಾಬಾರದ ದಾಳ ಸಿದ್ಧ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ. ಅಳಗುಳಿ ಮಣೆಯ ಹದಿನಾಲ್ಕು ಗುಳಿಗಳಿಗೂ ಅದೇ ಬೀಜಗಳು. ಈ ಆಟಗಳ ನಿಯಮ ಊರಿಂದ ಊರಿಗೆ, ಮನೆಯಿಂದ ಮನೆಗೆ ಬದಲಾಗುತ್ತದೆ. ಆದ್ದರಿಂದ ಎಲ್ಲಿಯೋ ಅಚ್ಚಾದ ನಿಯಮವನ್ನು ನಕಲು ಮಾಡದೆ ನಿಮ್ಮ ಮನೆಯಲ್ಲಿ ಆಡುತ್ತಿದ್ದ ರೀತಿಯನ್ನೇ, ಯಾವ ನಡೆಗೆ ಯಾರು ತಕರಾರು ತೆಗೆಯುತ್ತಿದ್ದರು ಎಂಬುದರ ಸಮೇತ ಬರೆಯಿರಿ.

ಕೆಲಸದ ಬಗ್ಗೆ ಬರೆಯುವಾಗ ಒಂದು ಮಾತನ್ನು ಮರೆಯಬಾರದು. ನಾವು ಸುಖವಾಗಿದ್ದ ಮನೆಯಲ್ಲಿ ಎಲ್ಲರೂ ಸುಖವಾಗಿರಲಿಲ್ಲ. ನಸುಕಿನಲ್ಲಿ ಎದ್ದು ಹಂಡೆಗೆ ನೀರು ತುಂಬಿಸಿ, ಮೂರು ಹೊತ್ತು ಮುದ್ದೆ ತೊಳಸಿ, ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಂಡ ಅಜ್ಜಿ, ಅತ್ತೆ, ಚಿಕ್ಕಮ್ಮಂದಿರ ದಿನವನ್ನು ಗಂಟೆಗಂಟೆಯ ಲೆಕ್ಕದಲ್ಲಿ ಬರೆದು ನೋಡಿ. ಹಾಗೆಯೇ ಕೂಲಿಗೆ ಬಂದವರಲ್ಲಿ ಯಾರು ನಡುಮನೆಯವರೆಗೆ ಬರುತ್ತಿದ್ದರು, ಯಾರಿಗೆ ಹೊರಗೆಯೇ ನೀರು ಕೊಡುತ್ತಿದ್ದರು, ಅದಕ್ಕೆ ಬೇರೆ ಲೋಟ ಇತ್ತೇ ಎಂಬುದನ್ನೂ ಮುಚ್ಚಿಡದೆ ಬರೆಯಬೇಕು. ಮಗುವಾಗಿದ್ದಾಗ ಅದು ನಮ್ಮ ಕಣ್ಣಿಗೆ ಬಿದ್ದಿತ್ತು, ಅರ್ಥವಾಗಿರಲಿಲ್ಲ. ಅದನ್ನು ಬಿಟ್ಟು ಬರೆದ ನೆನಪು ಅಜ್ಜಿಯ ಮನೆಯನ್ನು ಅರ್ಧ ಮಾತ್ರ ತೋರಿಸುತ್ತದೆ ಎಂದು ನಾನು ದೃಢವಾಗಿ ನಂಬುತ್ತೇನೆ.

ನೀರು ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆಗೆ ಒಂದು ಇಡೀ ಅಧ್ಯಾಯ ಮೀಸಲಿಡಿ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ ಪ್ರತಿ ತಲೆಮಾರಿನ ಬೇಸಿಗೆಯೂ ನೀರಿನಿಂದಲೇ ಬೇರೆಯಾಗಿದೆ. ತಾತನಿಗೆ ಎತ್ತು ಹೂಡಿ ಕಪಿಲೆಯಲ್ಲಿ ನೀರೆತ್ತಿದ ನೆನಪಿರಬಹುದು. ನಿಮ್ಮ ತಂದೆ ತಾಯಿಯರಿಗೆ ಬಾವಿಯ ಪಂಪ್‌ಸೆಟ್ಟಿನ ಸದ್ದು, ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತದ್ದು ನೆನಪಿರಬಹುದು. ನಿಮಗೆ ಬತ್ತಿದ ಬಾವಿಯೊಳಗೆ ಇಣುಕಿ ಕೂಗಿದ್ದು, ಕೊಳವೆಬಾವಿಯ ಕರೆಂಟು ಬರುವ ಹೊತ್ತಿಗೆ ಕಾಯುತ್ತ ಬಿಂದಿಗೆ ಸಾಲಿಟ್ಟದ್ದು ಮಾತ್ರ ನೆನಪಿರಬಹುದು. ಕೆರೆಯೆಂದರೆ ನಮ್ಮಲ್ಲಿ ಅನೇಕರಿಗೆ ಕ್ರಿಕೆಟ್ ಆಡುವ ಬಯಲು. ಅದೇ ಊರಿನ ಇಂದಿನ ಮಕ್ಕಳು ಅದನ್ನು ನಂಬಲಿಕ್ಕಿಲ್ಲ, ಏಕೆಂದರೆ 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿ, ವರ್ಷಗಟ್ಟಲೆ ಒಣಗಿದ್ದ ಹಲವು ಕೆರೆಗಳಲ್ಲಿ ನೀರು ನಿಂತಿದೆ. ಹೀಗಾಗಿ ಕೆರೆಯ ಅಂಗಳದಲ್ಲಿ ಯಾವ ಕಡೆ ಜಾಲಿ ಬೆಳೆದಿತ್ತು, ಎಲ್ಲಿ ಮಣ್ಣು ತೆಗೆದ ಗುಂಡಿಗಳಿದ್ದವು, ತೂಬಿನ ಕಲ್ಲಿನ ಮೇಲೆ ಯಾರು ಕೂರುತ್ತಿದ್ದರು ಎಂಬುದನ್ನು ಈಗಲೇ ಬರೆದಿಡುವುದು ಒಳ್ಳೆಯದು.

ಯಾವ ನೆನಪು ಯಾವ ವರ್ಷದ್ದು ಎಂಬುದು ಎಲ್ಲರಿಗೂ ಎದುರಾಗುವ ತೊಡಕು. ಇದಕ್ಕೆ ಇಸವಿಯನ್ನು ನೇರವಾಗಿ ಹುಡುಕಬಾರದು. ಆಸರೆಯಾಗುವ ಘಟನೆಗಳನ್ನು ಹುಡುಕಬೇಕು. ರಾಜೀವ್ ಗಾಂಧಿಯವರ ಹತ್ಯೆಯಾದದ್ದು 1991ರ ಮೇ 21ರಂದು, ಅಂದರೆ ರಜೆಯ ನಡುವೆಯೇ. ಆ ಮರುದಿನ ಎಲ್ಲಿದ್ದಿರಿ ಎಂದು ಕೇಳಿದರೆ ಮನೆಯ ಹಿರಿಯರಲ್ಲಿ ಹಲವರು ತಡವರಿಸದೆ ಹೇಳುತ್ತಾರೆ. 1999ರ ಕ್ರಿಕೆಟ್ ವಿಶ್ವಕಪ್ ಮೇ 14ರಂದು ಆರಂಭವಾಯಿತು. ಆ ಪಂದ್ಯಗಳನ್ನು ಯಾರ ಮನೆಯ ಟಿವಿಯಲ್ಲಿ ನೋಡಿದಿರಿ ಎಂಬುದರಿಂದ ಆ ವರ್ಷ ನಿಮ್ಮ ಮನೆಗೆ ಟಿವಿ ಬಂದಿತ್ತೇ ಇಲ್ಲವೇ ಎಂಬುದು ತಿಳಿಯುತ್ತದೆ. ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅಲ್ಲಿ ಕೆಲಸ ಮಾಡುತ್ತಿದ್ದ ನೆಂಟರು ಆ ಬೇಸಿಗೆಯಲ್ಲಿ ಊರಿಗೆ ಬಂದಾಗ ಆಡಿದ ಮಾತುಗಳು ಬೇರೆಯೇ ಆಗಿದ್ದಿರಬಹುದು. ಹಳೆಯ ಕಾಗದಗಳ ವಿಳಾಸವೂ ಉಪಯುಕ್ತ: ಚಿಂತಾಮಣಿ, ಶಿಡ್ಲಘಟ್ಟದ ಮುಂದೆ ಕೋಲಾರ ಜಿಲ್ಲೆ ಎಂದಿದ್ದರೆ ಅದು ಬಹುಮಟ್ಟಿಗೆ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದ 2007ಕ್ಕೆ ಹಿಂದಿನದು.

ಹಿರಿಯರು ತಾವಾಗಿ ಇಸವಿ, ತಿಂಗಳು ಹೇಳುವುದಿಲ್ಲ, ಮಳೆಯ ಹೆಸರು ಹೇಳುತ್ತಾರೆ. ಅಶ್ವಿನಿ ಮಳೆ ಏಪ್ರಿಲ್ ನಡುಭಾಗದಿಂದ, ಭರಣಿ ಏಪ್ರಿಲ್ ಕೊನೆಯಿಂದ, ಕೃತ್ತಿಕೆ ಮೇ ಎರಡನೆಯ ವಾರದಿಂದ, ರೋಹಿಣಿ ಮೇ ಕೊನೆಯ ವಾರದಿಂದ ಎಂಬ ಲೆಕ್ಕವನ್ನು ಎದುರಿಗಿಟ್ಟುಕೊಂಡರೆ, ಭರಣಿ ಮಳೆಗೆ ಕೊಟ್ಟಿಗೆ ಸೂರು ಹಾರಿತು ಎಂಬ ಮಾತಿನಿಂದ ಅದು ಯಾವ ಎರಡು ವಾರಗಳ ಮಾತು ಎಂದು ಗುರುತಿಸಬಹುದು. ಮಾವು ಕೂಡ ಇಂಥದೇ ಪಂಚಾಂಗ. ಶ್ರೀನಿವಾಸಪುರದ ಕಡೆ ಏಪ್ರಿಲ್‌ನಲ್ಲಿ ಮಕ್ಕಳಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಗಾಳಿಗೆ ಉದುರಿದ ಕಾಯಿ, ಅದಕ್ಕೆ ಉಪ್ಪು ಖಾರ. ಬಾದಾಮಿ, ರಸಪುರಿ ಹಣ್ಣಾಗಿ ಕೈಗೆ ಬರುವಾಗ ಮೇ ತಿಂಗಳು ಸಾಕಷ್ಟು ಕಳೆದಿರುತ್ತಿತ್ತು. ತೋತಾಪುರಿಯ ಭರಾಟೆ ಜೂನ್ ಹೊತ್ತಿಗೆ, ನೀಲಂ ಎಲ್ಲಕ್ಕಿಂತ ಕೊನೆಗೆ. ರಜೆಯುದ್ದಕ್ಕೂ ನೀಲಂ ತಿಂದ ನೆನಪು ನಿಮಗಿದ್ದರೆ ಅದು ಶಾಲೆ ಆರಂಭವಾದ ಮೇಲೆ ಮದುವೆಗೋ ಹಬ್ಬಕ್ಕೋ ಹೋದ ಮತ್ತೊಂದು ಭೇಟಿಯದಾಗಿರುವ ಸಾಧ್ಯತೆ ಹೆಚ್ಚು. ತೋಟ ನಿಮ್ಮದೇ ಆಗಿದ್ದರೂ ಫಸಲನ್ನು ವ್ಯಾಪಾರಿಗೆ ಗುತ್ತಿಗೆ ಕೊಟ್ಟಿದ್ದರೇ ಎಂದು ಕೇಳಿ. ಕೊಟ್ಟಿದ್ದರೆ ಕಾವಲಿನವನ ಗುಡಿಸಲು, ಅವನ ಕಣ್ಣು ತಪ್ಪಿಸಿ ತಮ್ಮದೇ ಮರದ ಕಾಯಿ ಕಿತ್ತ ಮಕ್ಕಳು, ಚಿತ್ತೂರಿನ ಕಡೆಯ ತಿರುಳಿನ ಕಾರ್ಖಾನೆಗಳಿಗೆ ಹೊರಡುತ್ತಿದ್ದ ತೋತಾಪುರಿಯ ಲಾರಿಗಳು ಇವೆಲ್ಲ ಬರಹದೊಳಗೆ ಬರುತ್ತವೆ.

ಹಿರಿಯರನ್ನು ಮಾತನಾಡಿಸುವುದಕ್ಕೆ ಬೆಳಗಿನ ತಿಂಡಿಯ ನಂತರದ ಹೊತ್ತು ಒಳ್ಳೆಯದು. ಆಗಿನ ಕಾಲ ಹೇಗಿತ್ತಜ್ಜಿ ಎಂದು ಕೇಳಿದರೆ ಚೆನ್ನಾಗಿತ್ತು ಕಣಪ್ಪ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅದರ ಬದಲು ಅವರ ಕೈಗೆ ಮೊರ ಕೊಟ್ಟು ಕಾಳು ಕೇರುತ್ತಿರುವಾಗ, ನಾವೆಲ್ಲ ಬಂದಾಗ ಒಂದು ಹೊತ್ತಿಗೆ ಎಷ್ಟು ಮುದ್ದೆ ಕಟ್ಟುತ್ತಿದ್ದಿರಿ, ಸಾರಿಗೆ ಸೊಪ್ಪು ಎಲ್ಲಿಂದ ತರುತ್ತಿದ್ದಿರಿ, ನಾವು ಹೊರಟ ದಿನ ಬಸ್ಸಿಗೆ ಏನು ಕಟ್ಟಿಕೊಡುತ್ತಿದ್ದಿರಿ ಎಂದು ಕೇಳಿ. ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಫ್ಯಾನು ಮತ್ತು ಟಿವಿ ಆರಿಸಿ, ಫೋನನ್ನು ಅವರಿಂದ ಒಂದು ಮೊಳ ದೂರದಲ್ಲಿ ಬಟ್ಟೆಯ ಮೇಲೆ ಇಟ್ಟರೆ ಸಾಕು. ಅರ್ಧ ಗಂಟೆಗಿಂತ ಹೆಚ್ಚು ಕೂರಿಸಬೇಡಿ. ಮುದ್ರಿಕೆಗೆ ಅಂದೇ ದಿನಾಂಕ, ಊರು, ಮಾತನಾಡಿದವರ ಹೆಸರು ಕೊಟ್ಟು ಎರಡು ಕಡೆ ಉಳಿಸಿ. ನಮ್ಮ ಗಡಿಸೀಮೆಯ ಅನೇಕ ಮನೆಗಳಲ್ಲಿ ಮಾತು ಕನ್ನಡದಲ್ಲಿ ಆರಂಭವಾಗಿ ತೆಲುಗಿಗೆ ಹೊರಳುತ್ತದೆ. ಬರೆಯುವಾಗ ಅದನ್ನು ಶುದ್ಧ ಮಾಡದೆ, ಅವರು ಆಡಿದ ತೆಲುಗು ಮಾತನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಇಡಿ.

ಸಂಡಿಗೆ, ಹಪ್ಪಳ, ಉಪ್ಪಿನಕಾಯಿಯ ಬಗ್ಗೆ ಬರೆಯುವುದಾದರೆ ಕೇಳಿ ಬರೆಯಬೇಡಿ. ಮಾಡಿಸಿ, ಪಕ್ಕದಲ್ಲಿ ನಿಂತು ಬರೆಯಿರಿ. ಅಜ್ಜಿಯ ಲೆಕ್ಕ ಪಾವು ಸೇರುಗಳಲ್ಲಿರುತ್ತದೆ, ಉಪ್ಪು ಮಾತ್ರ ಕೈಯಂದಾಜು. ಅವರದೇ ಪಾವಿನಲ್ಲಿ ಅಕ್ಕಿ ತುಂಬಿ ತಕ್ಕಡಿಯಲ್ಲಿ ತೂಗಿ ಗ್ರಾಂ ಬರೆದುಕೊಳ್ಳಿ, ಉಪ್ಪನ್ನು ಅವರು ಹಿಡಿಯಲ್ಲಿ ಎತ್ತಿದ ಕೂಡಲೇ ಬಟ್ಟಲಿಗೆ ಹಾಕಿಸಿ ತೂಗಿ. ಹಿಟ್ಟು ಬೆಂದಿದೆ ಎಂದು ಅವರು ಯಾವುದರಿಂದ ಗುರುತಿಸುತ್ತಾರೆ ಎಂಬುದೇ ಮುಖ್ಯ. ಒದ್ದೆ ಕೈಯಿಂದ ಮುಟ್ಟಿದರೆ ಅಂಟಬಾರದು ಎನ್ನುವಂಥ ಪರೀಕ್ಷೆಗಳನ್ನು ಅವರ ಮಾತಿನಲ್ಲಿಯೇ ಬರೆಯಿರಿ.

ಹಳೆಯ ಫೋಟೋಗಳನ್ನು ಆಲ್ಬಮ್ಮಿನಿಂದ ಕಿತ್ತು ತೆಗೆಯಬೇಡಿ, ಅಂಟಿಕೊಂಡ ಮೇಲ್ಪದರ ಹರಿಯುತ್ತದೆ. ಇದ್ದ ಹಾಗೆಯೇ ಹಗಲಿನ ಬೆಳಕಿನಲ್ಲಿ, ನೇರ ಬಿಸಿಲು ಬೀಳದಂತೆ, ಚಿತ್ರ ತೆಗೆದುಕೊಳ್ಳಿ. ಬಿಡಿ ಫೋಟೋಗಳ ಹಿಂದೆ ಮೃದುವಾದ ಪೆನ್ಸಿಲಿನಿಂದ ಹೆಸರು ಬರೆಯಿರಿ. ಪೆನ್ನಿನ ಶಾಯಿ ಮುಂದಕ್ಕೆ ಇಳಿಯುತ್ತದೆ. ಜಮೀನಿನ ಹಳೆಯ ಪಹಣಿ ಸಿಕ್ಕಿದರೆ ಅದರಲ್ಲಿ ಬೆಳೆಯ ವಿವರವೂ ಇರುತ್ತದೆ, ಯಾವ ಹೊಲ ಯಾವಾಗ ತೋಟವಾಯಿತು ಎಂಬ ಮಾತಿಗೆ ಅದು ಸಾಕ್ಷಿಯಾದೀತು.

ಕರಡು ಸಿದ್ಧವಾದ ಮೇಲೆ ಜೊತೆಯಲ್ಲಿ ರಜೆ ಕಳೆದ ಅಣ್ಣ, ತಂಗಿ, ಅತ್ತೆಯ ಮಕ್ಕಳಿಗೆ ಅದನ್ನು ತೋರಿಸುವ ಮುನ್ನ, ಅವರವರ ನೆನಪನ್ನು ಅವರವರಿಂದಲೇ ಒಂದು ಪುಟ ಬರೆಸಿಕೊಳ್ಳಿ. ನಿಮ್ಮದನ್ನು ಓದಿದ ಮೇಲೆ ಅವರಿಗೂ ಹಾಗೆಯೇ ನೆನಪಾಗತೊಡಗುತ್ತದೆ. ಬರೆದುಕೊಟ್ಟದ್ದರಲ್ಲಿ ಎರಡು ಮಾತುಗಳು ಒಂದಕ್ಕೊಂದು ಹೊಂದದಿದ್ದರೆ ಒಂದನ್ನು ಅಳಿಸಬೇಡಿ. ತಾತ ಎತ್ತು ಮಾರಿದ ದಿನ ಅತ್ತರು ಎಂದು ಅಣ್ಣನೂ, ಅಳಲಿಲ್ಲ, ಊಟ ಮಾಡಲಿಲ್ಲ ಎಂದು ಚಿಕ್ಕಪ್ಪನ ಮಗಳೂ ಹೇಳಿದರೆ ಎರಡನ್ನೂ ಹೆಸರಿನೊಂದಿಗೆ ಇರಿಸಿ. ಊರಿನ ಬೇರೆ ಮನೆಯವರ ಗುಟ್ಟುಗಳಿದ್ದಲ್ಲಿ ಹೆಸರು ಬಿಟ್ಟುಬಿಡಿ. ಕೊನೆಗೆ ಇಡೀ ಬರಹವನ್ನು ಹಿರಿಯರ ಎದುರು ಗಟ್ಟಿಯಾಗಿ ಓದಿ, ಅವರು ತಡೆದು ತಿದ್ದಿದ ಕಡೆಯಲ್ಲೆಲ್ಲ ಆ ತಿದ್ದುಪಡಿಯನ್ನು ಅಂಚಿನಲ್ಲಿ ಬರೆದುಕೊಳ್ಳಿ. ಆಮೇಲೆ ಸ್ವಲ್ಪ ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಮನೆಗೊಂದು ಪ್ರತಿಯಂತೆ ಹಂಚಿ, ನಕ್ಷೆಯ ಹಾಳೆಯನ್ನು ಮಡಿಸಿ ಪ್ರತಿಯೊಂದರ ಮೊದಲಲ್ಲಿ ಸೇರಿಸಿ.